ಅಪ್‌ಡೇಟ್ ಕಳಿಸುವವರು ವಾಪಸ್ ಬರುವ ದಾರಿಯನ್ನೂ ಕೊಡಲಿ

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ 13 ವರ್ಷದಿಂದ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಪತ್ರ ಸ್ವಲ್ಪ ಉದ್ದವಾಗಿದೆ, ಆದರೂ ದಯವಿಟ್ಟು ಪೂರ್ತಿ ಹಾಕಿ. ಫೋನಿಗೆ ಬರುವ ಅಪ್‌ಡೇಟ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಇದು ಪೇಟೆಯ ಹುಡುಗರ ತಲೆನೋವು ಮಾತ್ರ ಅಂತ ಯಾರೂ ಪಕ್ಕಕ್ಕಿಡಬಾರದು ಅನ್ನುವುದಕ್ಕೇ ಇಷ್ಟು ಬರೆದೆ.

ಅಂಗಡಿ ಶುರು ಮಾಡಿದಾಗ ನನ್ನ ಹತ್ತಿರ ಬರುತ್ತಿದ್ದವು ನೀರಿಗೆ ಬಿದ್ದ ಫೋನು, ಡಿಸ್‌ಪ್ಲೇ ಒಡೆದ ಫೋನು, ಚಾರ್ಜಿಂಗ್ ಪಿನ್ ಸಡಿಲಾದ ಫೋನು. ಅವು ಈಗಲೂ ಬರುತ್ತವೆ. ಆದರೆ ಈಗ ವಾರಕ್ಕೆ ನಾಲ್ಕೈದು ಮಂದಿ ಬಂದು ಟೇಬಲ್ ಮೇಲೆ ಫೋನಿಟ್ಟು ಒಂದೇ ಮಾತು ಹೇಳುತ್ತಾರೆ. "ತಮ್ಮಾ, ಏನೂ ಮಾಡಿಲ್ಲ ನಾನು. ರಾತ್ರಿ ಅಪ್‌ಡೇಟ್ ಹಚ್ಚಿ ಮಲಗಿದ್ದೆ. ಮುಂಜಾನೆ ನೋಡಿದ್ರ ಲೋಗೋ ಮ್ಯಾಲೆ ನಿಂತದ." ಒಬ್ಬರಿಗೆ ಸಿಮ್ ತೋರಿಸುವುದಿಲ್ಲ. ಇನ್ನೊಬ್ಬರಿಗೆ ಬೆಳಗ್ಗೆ ಫುಲ್ ಇದ್ದ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಮತ್ತೊಬ್ಬರ ಪರದೆ ಮೇಲೆ ಮೇಲಿಂದ ಕೆಳಗಿನ ತನಕ ಹಸಿರು ಗೆರೆ ಬಂದಿರುತ್ತದೆ. ಬಿದ್ದಿಲ್ಲ, ಒದ್ದೆಯಾಗಿಲ್ಲ, ಗೀರು ಕೂಡ ಇಲ್ಲ. "ಏನೂ ಮಾಡಿಲ್ಲ ನಾನು" ಅಂತ ಅವರು ತಪ್ಪಿತಸ್ಥರ ಹಾಗೆ ಹೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಫೋನು ಹೇಳಿದ್ದನ್ನೇ ಅವರು ಮಾಡಿರುತ್ತಾರೆ ಅಲ್ವಾ?

ಒಂದು ಸಂಗತಿ ಮಾತ್ರ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅದು ನಮ್ಮ ಮನೆಯದೇ.

ನನ್ನ ಅಕ್ಕ ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಅವಳ ಕೆಲಸ ಅರ್ಧಕ್ಕಿಂತ ಜಾಸ್ತಿ ಈಗ ಫೋನಿನಲ್ಲೇ. ಮಕ್ಕಳ ಹಾಜರಿ ಫೋನಿನಲ್ಲಿ, ತೂಕ ಎತ್ತರ ಫೋನಿನಲ್ಲಿ. ಮನೆಗೆ ಒಯ್ಯುವ ಆಹಾರ ಕೊಡಬೇಕಾದರೆ ಮಗುವಿನ ತಾಯಿಯ ಮುಖವನ್ನು ಕ್ಯಾಮೆರಾದಲ್ಲಿ ಹಿಡಿದು, ಅದು ಹೊಂದಿಕೆಯಾದ ಮೇಲೆ ಮುಂದಿನ ಮಾತು. ಕಳೆದ ವರ್ಷ ಮಳೆಗಾಲದಲ್ಲಿ ಅವಳ ಫೋನಿಗೆ ದೊಡ್ಡ ಅಪ್‌ಡೇಟ್ ಬಂತು. ಎರಡು ದಿನ "ನಂತರ" ಅಂತ ಒತ್ತಿದಳು. ಮೂರನೇ ದಿನ ರಾತ್ರಿ ತಾನಾಗೇ ಇನ್‌ಸ್ಟಾಲ್ ಆಯಿತು. ಬೆಳಗ್ಗೆ ಫೋನ್ ಚೆಂದಾಗಿ ಆನ್ ಆಗಿದೆ, ಬಣ್ಣ ಬದಲಾಗಿದೆ, ಐಕಾನ್‌ಗಳು ದುಂಡಗಾಗಿವೆ. ಕ್ಯಾಮೆರಾ ತೆರೆದರೆ ಬರೀ ಕಪ್ಪು.

ಅವತ್ತು ಅವಳು ನನಗೆ ಫೋನ್ ಮಾಡಿ, "ತಮ್ಮಾ, ಹದಿನಾಲ್ಕು ತಾಯಂದಿರು ಬಾಗಿಲಾಗ ನಿಂತಾರ, ಕ್ಯಾಮೆರಾ ಕರ್ರಗ ಕಾಣಸ್ತದ, ಏನು ಮಾಡ್ಲಿ ಹೇಳು" ಅಂದಳು. ಆಫ್ ಮಾಡಿ ಆನ್ ಮಾಡು ಅಂದೆ. ಕ್ಯಾಮೆರಾ ಆ್ಯಪ್ ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲುಗಳನ್ನು (ಕ್ಯಾಶ್) ಅಳಿಸಲು ಹೇಳಿಕೊಟ್ಟೆ. ಬರಲಿಲ್ಲ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ವಾಪಸ್ ಹೋದರು, ಅವರಲ್ಲಿ ಐದಾರು ಮಂದಿ ಅವತ್ತಿನ ಹೊಲದ ಕೂಲಿ ಬಿಟ್ಟು ಬಂದವರು. ಮರುದಿನ ಅಕ್ಕ ಬಸ್ಸು ಹತ್ತಿ ಕಲಬುರಗಿಗೆ ಬಂದಳು. ಶಕ್ತಿ ಯೋಜನೆ ಇರುವುದರಿಂದ ಟಿಕೆಟ್ ದುಡ್ಡಿಲ್ಲ, ಆದರೆ ಒಂದು ದಿನದ ಕೆಲಸ ಹೋಯಿತು, ಮೇಲ್ವಿಚಾರಕಿಗೆ ಉತ್ತರ ಹೇಳುವ ಕೆಲಸ ಸೇರಿಕೊಂಡಿತು.

ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೇ ಹೋದೆವು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕಂದ್ರೆ ಈ ವಿಷಯದಲ್ಲಿ ನಾನು ನೋಡಿದ ಎಲ್ಲರದೂ ಒಂದೇ ದಾರಿ. ಅಲ್ಲಿನ ಹುಡುಗ ಫೋನ್ ನೋಡಿ, ವಾರಂಟಿ ಮುಗಿದು ಎರಡು ತಿಂಗಳಾಯಿತು, ಸಾಫ್ಟ್‌ವೇರ್ ಸರಿಯಾಗೇ ಇದೆ, ಬೋರ್ಡ್ ಹೋಗಿದೆ, 5,800 ರೂಪಾಯಿ ಆಗುತ್ತದೆ ಅಂದ. ಫೋನ್ ಕೊಂಡಿದ್ದೇ 12,000ಕ್ಕೆ. ನಿನ್ನೆ ತನಕ ಚೆನ್ನಾಗಿದ್ದ ಬೋರ್ಡ್ ಅಪ್‌ಡೇಟ್ ಆದ ರಾತ್ರಿಯೇ ಹೋಯಿತಾ ಅಂತ ಕೇಳಿದೆ. "ಕಾಕತಾಳೀಯ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಮೇಲಿನವರು ಹೇಳಿಕೊಟ್ಟದ್ದನ್ನು ಅವನು ಹೇಳುತ್ತಾನೆ.

ಫೋನನ್ನು ಅಂಗಡಿಗೆ ತಂದೆ. ಅಕ್ಕನ ಫೋಟೊ, ಪಟ್ಟಿ, ವಾಟ್ಸ್‌ಆ್ಯಪ್ ಎಲ್ಲ ಪೆನ್‌ಡ್ರೈವ್‌ಗೆ ಇಳಿಸಿ ಪೂರ್ತಿ ರೀಸೆಟ್ ಹೊಡೆದೆ. ಕ್ಯಾಮೆರಾ ಬರಲಿಲ್ಲ. ಫೋನ್ ಬಿಚ್ಚಿ ಹೊಸ ಕ್ಯಾಮೆರಾ ಹಾಕಿದೆ, ಪಾರ್ಟಿಗೆ ನನ್ನದೇ 900 ರೂಪಾಯಿ. ಬರಲಿಲ್ಲ. ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕೋಣ ಅಂತ ಅದರ ಫೈಲ್ ಹುಡುಕಿದೆ. ಅಲ್ಲಿಗೆ ಬಂದು ಕೈ ನಿಂತಿತು. ಈಗಿನ ಫೋನುಗಳಲ್ಲಿ ಹಿಂದಿನ ವರ್ಶನ್‌ಗೆ ಹೋಗದ ಹಾಗೆ ಬೀಗ ಇರುತ್ತದೆ, ನಮ್ಮ ಕಸುಬಿನಲ್ಲಿ ಅದನ್ನು ಆ್ಯಂಟಿ ರೋಲ್‌ಬ್ಯಾಕ್ ಅನ್ನುತ್ತಾರೆ. ಬಲವಂತ ಮಾಡಿ ಹಳೆಯದನ್ನು ಹಾಕಲು ಹೋದರೆ ಫೋನ್ ಪೂರ್ತಿ ಡೆಡ್ ಆಗುವ ಅಪಾಯ ಇದೆ. ಅಕ್ಕನ ಫೋನಿನಲ್ಲಿ ಆ ಜೂಜು ಆಡಲು ನನಗೆ ಮನಸ್ಸು ಬರಲಿಲ್ಲ. ನನ್ನದೊಂದು ಹಳೆಯ ಫೋನ್ ಕೊಟ್ಟು ಕಳಿಸಿದೆ.

ಇಪ್ಪತ್ತಮೂರು ದಿನ ಆದ ಮೇಲೆ ಅದೇ ಮಾಡೆಲ್‌ಗೆ ಇನ್ನೊಂದು ಸಣ್ಣ ಅಪ್‌ಡೇಟ್ ಬಂತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಇತ್ತು. ಕೆಲವು ಸಂದರ್ಭದಲ್ಲಿ ಕ್ಯಾಮೆರಾ ತೆರೆಯದಿರುವ ತೊಂದರೆ ಸರಿಪಡಿಸಲಾಗಿದೆ ಅಂತ ಅದರ ಅರ್ಥ. ಹಾಕಿದೆ. ಕ್ಯಾಮೆರಾ ಬಂತು. ಬೋರ್ಡ್ ಹೋಗಿರಲಿಲ್ಲ. 5,800 ರೂಪಾಯಿ ಕೊಟ್ಟು ಬೋರ್ಡ್ ಬದಲಿಸಿದವರು ಎಷ್ಟು ಜನ ಇದ್ದಾರೋ. ಅವರಿಗೆ ಯಾರೂ ಫೋನ್ ಮಾಡಿ, ತಪ್ಪು ನಮ್ಮದು, ದುಡ್ಡು ವಾಪಸ್ ತಗೊಳ್ಳಿ ಅಂತ ಹೇಳಿರುವುದಿಲ್ಲ. ಆ ಒಂದು ಸಾಲಿನಲ್ಲೇ ಕಂಪನಿಯ ಲೆಕ್ಕ ಮುಗಿಯಿತು. ನಮ್ಮ ಲೆಕ್ಕ ಮುಗಿದಿಲ್ಲ, ಅದಕ್ಕೇ ಈ ಪತ್ರ.

ನಾನು ಕೇಳುವುದು ಒಂದೇ. ಅಪ್‌ಡೇಟ್ ಕಳಿಸುವ ಹಕ್ಕು ಕಂಪನಿಗೆ ಇದ್ದರೆ, ಅದು ಸರಿ ಬರದಿದ್ದಾಗ ಹಿಂದಿನ ಸ್ಥಿತಿಗೆ, ಫೋಟೊ ನಂಬರ್ ಏನೂ ಕಳೆದುಕೊಳ್ಳದೆ, ವಾಪಸ್ ಬರುವ ಹಕ್ಕು ನಮಗೂ ಇರಬೇಕು.

ಇದು ಆಗದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಆ ದಾರಿ ಅರ್ಧ ಈಗಾಗಲೇ ಇದೆ. 2016ರಲ್ಲಿ ಆಂಡ್ರಾಯ್ಡ್ 7 ಬಂದಾಗ ಒಂದು ಹೊಸ ಪದ್ಧತಿ ತಂದರು. ಸುಲಭವಾಗಿ ಹೇಳುವುದಾದರೆ ಮನೆಗೆ ಎರಡು ಕೋಣೆ ಇದ್ದ ಹಾಗೆ. ನೀವು ಒಂದು ಕೋಣೆಯಲ್ಲಿ ಇರುವಾಗಲೇ ಪಕ್ಕದ ಕೋಣೆಗೆ ಸುಣ್ಣ ಬಳಿದು ಸಜ್ಜು ಮಾಡುತ್ತಾರೆ. ಕೆಲಸ ಮುಗಿದ ಮೇಲೆ ರೀಸ್ಟಾರ್ಟ್ ಮಾಡಿದರೆ ಹೊಸ ಕೋಣೆಗೆ ಹೋಗುತ್ತೀರಿ. ಹೊಸ ಕೋಣೆಯ ಬಾಗಿಲೇ ತೆರೆಯದಿದ್ದರೆ ಫೋನ್ ಒಂದೆರಡು ಸಲ ನೋಡಿ ತಾನಾಗೇ ಹಳೆಯ ಕೋಣೆಗೆ ವಾಪಸ್ ಬರುತ್ತದೆ. ಈ ಪದ್ಧತಿ ಇರುವ ಫೋನು ಅಪ್‌ಡೇಟ್ ಆದ ಮೇಲೆ ಪೂರ್ತಿ ಸಾಯುವುದು ಕಡಿಮೆ. ಎಲ್ಲ ಫೋನಿನಲ್ಲೂ ಇದು ಇರಲಿಲ್ಲ, ಕಡಿಮೆ ರೇಟಿನ ಎಷ್ಟೋ ಫೋನುಗಳಿಗೆ ತಡವಾಗಿ ಬಂತು.

ತೊಂದರೆ ಎಲ್ಲಿದೆ ಅಂದರೆ, ಫೋನ್ "ಎದ್ದು ಕೂತರೆ" ಸಾಕು, ಅಪ್‌ಡೇಟ್ ಸರಿಯಾಯಿತು ಅಂತ ಅದು ಲೆಕ್ಕ ಹಾಕುತ್ತದೆ. ಕ್ಯಾಮೆರಾ ಬಂದಿದೆಯಾ, ಸಿಮ್ ಹಿಡಿದಿದೆಯಾ, ಬ್ಯಾಟರಿ ಸಂಜೆ ತನಕ ಬರುತ್ತದಾ ಅಂತ ಯಾರೂ ನೋಡುವುದಿಲ್ಲ. ಬಾಗಿಲು ತೆರೆಯಿತಲ್ಲ, ಒಳಗೆ ನೀರು, ಲೈಟು ಇದೆಯೋ ಇಲ್ಲವೋ ಕೇಳುವವರಿಲ್ಲ. ಆಮೇಲೆ ಹಳೆಯ ಕೋಣೆಗೆ ಹೋಗುವ ದಾರಿ ಮುಚ್ಚಿಬಿಡುತ್ತದೆ. 2020ರ ಆಂಡ್ರಾಯ್ಡ್ 11ರಿಂದ ಜಾಗ ಉಳಿಸುವ ಇನ್ನೊಂದು ವಿಧಾನ ಬಂದಿದೆ, ಅದರಲ್ಲಿ ಹೊಸದು ಒಮ್ಮೆ ಶುರುವಾದರೆ ಸ್ವಲ್ಪ ಹೊತ್ತಿಗೆ ಹಳೆಯದರ ಜೊತೆ ಬೆರೆತುಹೋಗುತ್ತದೆ, ಮತ್ತೆ ಬೇರೆ ಮಾಡಲು ಬರುವುದಿಲ್ಲ. ಐಫೋನಿನಲ್ಲೂ ಅಷ್ಟೇ. ಹೊಸ ವರ್ಶನ್ ಬಂದು ಕೆಲವು ದಿನ ಆದ ಮೇಲೆ ಆ್ಯಪಲ್ ಹಳೆಯ ವರ್ಶನ್‌ಗೆ ಒಪ್ಪಿಗೆ ಕೊಡುವುದನ್ನು ನಿಲ್ಲಿಸುತ್ತದೆ, ಆಮೇಲೆ ನಿಮ್ಮ ಹತ್ತಿರ ಹಳೆಯ ಫೈಲ್ ಇದ್ದರೂ ಹಾಕಲು ಆಗುವುದಿಲ್ಲ.

ಕಂಪ್ಯೂಟರ್ ನೋಡಿ. ವಿಂಡೋಸ್‌ನಲ್ಲಿ ದೊಡ್ಡ ಅಪ್‌ಡೇಟ್ ಆದ ಮೇಲೆ 10 ದಿನ ಹಿಂದಕ್ಕೆ ಹೋಗುವ ಬಟನ್ ಇರುತ್ತದೆ. ಒತ್ತಿದರೆ ಹಳೆಯದು ಬರುತ್ತದೆ, ನಿಮ್ಮ ಫೈಲುಗಳು ಅಲ್ಲೇ ಇರುತ್ತವೆ. ಹತ್ತು ದಿನದಲ್ಲಿ ಏನು ಕೆಟ್ಟಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಟೇಬಲ್ ಮೇಲಿನ ಕಂಪ್ಯೂಟರಿಗೆ ಸಿಗುವ ಈ ಸೌಕರ್ಯ ಜೇಬಿನಲ್ಲಿರುವ ಫೋನಿಗೆ ಯಾಕಿಲ್ಲ? ಇವತ್ತು ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಇಲ್ಲವೇ ಇಲ್ಲ. ಬ್ಯಾಂಕು, ರೇಷನ್ನು, ಶಾಲೆಯ ನೋಟಿಸು, ಬೆಳೆ ಸಮೀಕ್ಷೆ ಎಲ್ಲ ಅದೇ ಒಂದು ಫೋನಿನಲ್ಲಿ.

ವಾಪಸ್ ದಾರಿ ಇದ್ದರೆ ಎಷ್ಟು ಸಲೀಸು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2021ರ ಮಾರ್ಚ್‌ನಲ್ಲಿ ಜಗತ್ತಿನ ತುಂಬ ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚತೊಡಗಿದವು. ನನ್ನ ಅಂಗಡಿ ಮುಂದೆ ಜನ ಸಾಲಾಗಿ ನಿಂತಿದ್ದರು. ಮೇಲ್ ತೆರೆಯುವುದಿಲ್ಲ, ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ, ಎಲ್ಲರಿಗೂ ಫೋನ್ ಹಾಳಾಯಿತು ಅಂತ ಭಯ. ಕಾರಣ, ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ ಅನ್ನುವ ಒಂದು ಭಾಗಕ್ಕೆ ಬಂದಿದ್ದ ತಪ್ಪು ಅಪ್‌ಡೇಟ್. ಅದಕ್ಕೆ "ಅಪ್‌ಡೇಟ್ ತೆಗೆದುಹಾಕು" ಅನ್ನುವ ಆಯ್ಕೆ ಇತ್ತು. ಸೆಟ್ಟಿಂಗ್‌ಗೆ ಹೋಗಿ ಅದನ್ನು ಒತ್ತಿದರೆ ಎರಡು ನಿಮಿಷದಲ್ಲಿ ಫೋನ್ ಸರಿ. ಒಬ್ಬರಿಂದಲೂ ದುಡ್ಡು ತಗೊಳ್ಳಲಿಲ್ಲ, ತಗೊಳ್ಳುವಂಥ ಕೆಲಸವೇ ಇರಲಿಲ್ಲ. ಎರಡನೇ ದಿನ ಗೂಗಲ್‌ನವರು ಸರಿಯಾದ ಅಪ್‌ಡೇಟ್ ಕಳಿಸಿದರು. ಯಾರ ಫೋಟೊವೂ ಹೋಗಲಿಲ್ಲ.

ಇದರ ಪಕ್ಕದಲ್ಲಿ 2024ರ ಅಕ್ಟೋಬರ್ ಇಟ್ಟು ನೋಡಿ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್10, ನೋಟ್ 10ರಂಥ ಹಳೆಯ ಫೋನುಗಳು ಒಂದು ಆ್ಯಪ್‌ನ ಅಪ್‌ಡೇಟ್‌ನಿಂದಾಗಿ ಲೋಗೋ ಬಂದು, ಆರಿ, ಮತ್ತೆ ಲೋಗೋ ಬಂದು ಹಾಗೇ ಸುತ್ತತೊಡಗಿದವು. ಬ್ಯಾಕಪ್ ಇಲ್ಲದವರು ಕಂಗಾಲಾದರು. ಒಳಗಿನದೆಲ್ಲ ಈಗ ಗುಪ್ತ ಸಂಕೇತದಲ್ಲಿ ಇರುತ್ತದೆ, ಫೋನ್ ಪೂರ್ತಿ ಆನ್ ಆಗಿ ಪಿನ್ ಹಾಕಿದರೆ ಮಾತ್ರ ಓದಲು ಬರುತ್ತದೆ. ಮೊದಲೆಲ್ಲ ಬೋರ್ಡ್‌ನ ಮೆಮೊರಿ ಚಿಪ್ ಕಿತ್ತು ಫೋಟೊ ತೆಗೆಯುತ್ತಿದ್ದೆವು. ಈಗ ಯಾವ ರಿಪೇರಿಯವನೂ ತೆಗೆಯಲಾರ. ಕಳ್ಳರಿಂದ ಕಾಪಾಡಲು ಮಾಡಿದ್ದು, ಒಳ್ಳೆಯದೇ. ಆದರೆ ಅಪ್‌ಡೇಟ್ ಆಗಿ ಫೋನ್ ಲೋಗೋ ಮೇಲೆ ನಿಂತರೆ ಮಾಲೀಕನಿಗೇ ತನ್ನ ಮನೆಯ ಬಾಗಿಲು ಮುಚ್ಚಿದ ಹಾಗೆ. ಫ್ಲ್ಯಾಶ್ ಮಾಡಿದರೆ, ಅಂದರೆ ಸಾಫ್ಟ್‌ವೇರ್ ಹೊಸದಾಗಿ ತುಂಬಿದರೆ, ಫೋನ್ ಬರುತ್ತದೆ, ಫೋಟೊ ಬರುವುದಿಲ್ಲ ಅಂತ ನಾನು ಹೇಳಿದಾಗ ಎದುರಿಗೆ ಕೂತವರ ಮುಖ ನೋಡಲು ಆಗುವುದಿಲ್ಲ. ಮಗಳ ಮದುವೆ ಫೋಟೊ, ತೀರಿಹೋದ ತಂದೆಯ ದನಿ, ಸಾಲದ ಚೀಟಿಯ ಫೋಟೊ. ಇವಕ್ಕೆ ರೇಟು ಎಲ್ಲಿಂದ ಹಚ್ಚೋಣ?

ಕಂಪನಿಗಳ ಕಡೆಯ ಮಾತನ್ನೂ ಹೇಳಬೇಕು. ಒಂದೊಂದು ಮಾಡೆಲ್‌ಗೆ ಒಂದೊಂದು ಚಿಪ್, ಒಂದೊಂದು ಕ್ಯಾಮೆರಾ, ಒಂದೇ ಮಾಡೆಲ್‌ನಲ್ಲೂ ಬೇರೆ ಬೇರೆ ಪಾರ್ಟು. ಎಲ್ಲದರ ಮೇಲೂ ಪರೀಕ್ಷೆ ಮಾಡುವುದು ಸುಲಭ ಇಲ್ಲ. ಹಿಂದಕ್ಕೆ ಹೋಗದಂತೆ ಬೀಗ ಹಾಕುವುದಕ್ಕೂ ಒಂದು ಕಾರಣ ಇದೆ, ಹಳೆಯ ವರ್ಶನ್‌ನಲ್ಲಿ ಕಳ್ಳರು ನುಗ್ಗುವ ಕಿಂಡಿ ಇದ್ದರೆ ಅದನ್ನು ಬೇಕೆಂದೇ ವಾಪಸ್ ಹಾಕಿ ಫೋನಿನೊಳಗೆ ಹೋಗಬಹುದು. ಒಪ್ಪುತ್ತೇನೆ. ಒಂದೇ ಸಲಕ್ಕೆ ಎಲ್ಲರಿಗೂ ಕಳಿಸದೆ ಮೊದಲು ಸ್ವಲ್ಪ ಜನರಿಗೆ ಕಳಿಸಿ ನೋಡುತ್ತಾರೆ, ದೂರು ಬಂದರೆ ನಿಲ್ಲಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಒನ್ ಯುಐ 7 ಅನ್ನುವ ತನ್ನ ದೊಡ್ಡ ಅಪ್‌ಡೇಟನ್ನು ಹಾಗೇ ಕೆಲವು ದಿನ ತಡೆಹಿಡಿದಿತ್ತು. ತಡೆದದ್ದು ಒಳ್ಳೆಯ ಕೆಲಸ. ಆದರೆ ತಡೆಯುವುದಕ್ಕೆ ಮೊದಲೇ ಯಾರ ಫೋನಿಗೆ ಬಂದಿರುತ್ತದೋ ಅವರ ಗತಿ ಏನು? ಅವರಿಗೆ ಯಾರೂ ಕೇಳಿರಲಿಲ್ಲ, ನೀವು ಮೊದಲು ಹಾಕಿ ನೋಡುತ್ತೀರಾ ಅಂತ. ಬೀಗ ಬೇಕೇ ಬೇಕು ಅಂದರೆ ಒಂದು ವಾರ ಹತ್ತು ದಿನ ಆದ ಮೇಲೆ ಹಾಕಲಿ. ಅಷ್ಟರಲ್ಲಿ ಯಾರ ಕ್ಯಾಮೆರಾ ಹೋಯಿತು, ಯಾರ ಸಿಮ್ ಹೋಯಿತು ಗೊತ್ತಾಗಿರುತ್ತದೆ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆಯದು. ಒಮ್ಮೆ ಸುಟ್ಟುಕೊಂಡವರು ಅಪ್‌ಡೇಟ್ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. "ಬಂದ್ ಮಾಡಿ ಕೊಡು ತಮ್ಮಾ, ಇನ್ನೊಮ್ಮೆ ಬರಬಾರದು" ಅಂತ ನನ್ನ ಹತ್ತಿರ ಬರುತ್ತಾರೆ. ನಮ್ಮ ಅಕ್ಕನೂ ಹಾಗೇ ಅಂದಳು. ನಾನು ಬೇಡ ಅನ್ನುತ್ತೇನೆ, ಆದರೆ ಯಾವ ಬಾಯಿಂದ ಹೇಳಲಿ? 2015ರಲ್ಲಿ ಸ್ಟೇಜ್‌ಫ್ರೈಟ್ ಅನ್ನುವ ದೋಷ ಬಯಲಾಯಿತು, ಒಂದು ಮೆಸೇಜ್ ಕಳಿಸಿ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಬಹುದಾಗಿತ್ತು. ಆಮೇಲೆಯೇ ತಿಂಗಳು ತಿಂಗಳು ಭದ್ರತಾ ಅಪ್‌ಡೇಟ್ ಕೊಡುವ ರೂಢಿ ಶುರುವಾಗಿದ್ದು. ಅವು ಬೇಕು. ಕಳ್ಳರು ಮದುವೆ ಕಾರ್ಡ್ ಅಂತ, ಗಾಡಿಯ ದಂಡದ ಚಲನ್ ಅಂತ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗುವ ಫೈಲ್) ಕಳಿಸಿ ಖಾತೆ ಖಾಲಿ ಮಾಡುತ್ತಿರುವ ಕಾಲ ಇದು. ಇಂಥ ಹೊತ್ತಿನಲ್ಲಿ ಫೋನಿನ ಬಾಗಿಲಿನ ಚಿಲಕ ಸಡಿಲ ಬಿಡಬಾರದು. ಅದಕ್ಕೇ ಹೇಳುವುದು, ಭದ್ರತೆಯ ಅಪ್‌ಡೇಟ್ ಬೇರೆ ಇರಲಿ, ಐಕಾನ್ ದುಂಡಗೆ ಮಾಡುವ, ಹೊಸ ಹೊಸ ಆ್ಯಪ್ ತುಂಬುವ ಅಪ್‌ಡೇಟ್ ಬೇರೆ ಇರಲಿ. ಮೊದಲನೆಯದನ್ನು ಎಲ್ಲರೂ ಹಾಕಿಕೊಳ್ಳಲಿ, ಎರಡನೆಯದಕ್ಕೆ "ಬೇಡ" ಅನ್ನುವ ಬಟನ್ ಇರಲಿ. ಈಗ "ಈಗಲೇ" ಮತ್ತು "ನಂತರ" ಎರಡೇ ಇವೆ.

ಆ ಬಟನ್ನು ಕನ್ನಡದಲ್ಲೂ ಇರಲಿ. ಫೋನಿನ ಭಾಷೆ ಕನ್ನಡ ಅಂತ ಇಟ್ಟುಕೊಂಡರೂ ಅಪ್‌ಡೇಟ್‌ನಲ್ಲಿ ಏನಿದೆ ಅನ್ನುವ ವಿವರ ಎಷ್ಟೋ ಫೋನಿನಲ್ಲಿ ಇಂಗ್ಲಿಷಿನಲ್ಲೇ ಬರುತ್ತದೆ. ಎಷ್ಟು ಜಿಬಿ ಡೇಟಾ ತಿನ್ನುತ್ತದೆ, ಎಷ್ಟು ಹೊತ್ತು ಬೇಕು ಅನ್ನುವುದೂ ಸಣ್ಣಕ್ಷರದಲ್ಲಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ಎರಡು ಮೂರು ಜಿಬಿಯ ಅಪ್‌ಡೇಟ್ ಬಂದರೆ ಆ ದಿನ ಮಗನ ಆನ್‌ಲೈನ್ ಪಾಠವೂ ಇಲ್ಲ, ಫೋನ್‌ಪೇಯೂ ಇಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ 43 ಡಿಗ್ರಿ ಬಿಸಿಲು, ಹಳ್ಳಿಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲು ಬರುವುದಿಲ್ಲ, ತಗಡಿನ ಮನೆಯಲ್ಲಿ ಫೋನ್ ಸುಮ್ನೆ ಇಟ್ಟರೂ ಕಾಯುತ್ತದೆ. ಅಂಥ ಕಡೆ ಒಂದು ತಾಸು ಬಿಸಿಯಾಗುತ್ತಾ ನಡೆಯುವ ಕೆಲಸವನ್ನು ಮನೆಯವರಿಗೆ ಕೇಳದೆ ಶುರು ಮಾಡಬಾರದು.

ಕಾನೂನಿನ ಮಾತಿಗೆ ಬರುತ್ತೇನೆ. ಬೇರೆ ದೇಶಗಳಲ್ಲಿ ಇದನ್ನು ಸುಮ್ಮನೆ ಬಿಟ್ಟಿಲ್ಲ. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಅಪ್‌ಡೇಟ್‌ನಿಂದ ಹಳೆಯ ಫೋನುಗಳು ನಿಧಾನವಾದವು ಅನ್ನುವ ಕಾರಣಕ್ಕೆ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. 2020ರಲ್ಲಿ ಫ್ರಾನ್ಸ್ ಆ್ಯಪಲ್‌ಗೆ 2.5 ಕೋಟಿ ಯೂರೊ ದಂಡ ಹಾಕಿತು. ಅಪ್‌ಡೇಟ್ ಆದರೆ ಫೋನ್ ನಿಧಾನವಾಗಬಹುದು ಅಂತ ಗ್ರಾಹಕರಿಗೆ ಮೊದಲೇ ಹೇಳಲಿಲ್ಲ ಅನ್ನುವುದೇ ಅಲ್ಲಿನ ತಪ್ಪು. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ, ಒಂದು ಮಾಡೆಲ್ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅದಕ್ಕೆ ಅಪ್‌ಡೇಟ್ ಕೊಡಬೇಕು. ಇಲ್ಲಿ 10–12 ಸಾವಿರದ ಫೋನು ಕೊಳ್ಳುವಾಗ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಅಂತ ಅಂಗಡಿಯವರನ್ನು ಕೇಳಿ ನೋಡಿ, ಸರಿಯಾಗಿ ಹೇಳುವವರು ಅಪರೂಪ.

ನಮ್ಮಲ್ಲಿ ಏನೂ ಇಲ್ಲ ಅಂತ ಅಲ್ಲ. 2025ರ ಜನವರಿಯಲ್ಲಿ ಐಒಎಸ್ 18ರ ಅಪ್‌ಡೇಟ್ ಆದ ಮೇಲೆ ಐಫೋನುಗಳು ಸರಿಯಾಗಿ ನಡೆಯುತ್ತಿಲ್ಲ ಅಂತ ದೂರು ಬಂದಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ್ಯಪಲ್‌ಗೆ ನೋಟಿಸ್ ಕೊಟ್ಟಿತು. ಸಚಿವ ಪ್ರಹ್ಲಾದ್ ಜೋಶಿಯವರೇ ಅದನ್ನು ತಿಳಿಸಿದ್ದರು. ಅವರು ನಮ್ಮ ರಾಜ್ಯದವರು, ಅದಕ್ಕೇ ಈ ಪತ್ರದ ಮೂಲಕ ಅವರನ್ನೇ ಕೇಳುತ್ತೇನೆ. ಲಕ್ಷ ರೂಪಾಯಿಯ ಫೋನಿನವರ ದೂರು ನಿಮ್ಮ ತನಕ ಬಂತು, ಒಳ್ಳೆಯದಾಯಿತು. ಹತ್ತು ಸಾವಿರದ ಫೋನಿನವರ ದೂರೂ ಅಷ್ಟೇ ಭಾರ ಇದೆ, ಯಾಕಂದ್ರೆ ಅವರ ಮನೆಯಲ್ಲಿ ಎರಡನೇ ಫೋನ್ ಇರುವುದಿಲ್ಲ. ಅಪ್‌ಡೇಟ್‌ನಿಂದ ಕೆಟ್ಟ ಫೋನನ್ನು, ವಾರಂಟಿ ಮುಗಿದಿದ್ದರೂ, ಕಂಪನಿ ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು ಅನ್ನುವ ನಿಯಮ ತನ್ನಿ. ಹತ್ತು ದಿನದ ವಾಪಸ್ ಬಟನ್ ಕಡ್ಡಾಯ ಮಾಡಿ. ಒಂದು ಮಾಡೆಲ್‌ನಲ್ಲಿ ತಪ್ಪಾಗಿದೆ ಅಂತ ಗೊತ್ತಾದರೆ ಸರ್ವಿಸ್ ಸೆಂಟರಿನ ಗೋಡೆ ಮೇಲೆ ಕನ್ನಡದಲ್ಲಿ ನೋಟಿಸ್ ಹಚ್ಚಲಿ, ಆಗ ಯಾವ ಹುಡುಗನೂ ಬೋರ್ಡ್ ಹೋಗಿದೆ ಅಂತ ಹೇಳುವ ಹಾಗಿರುವುದಿಲ್ಲ.

ಇಷ್ಟೆಲ್ಲ ಆಗುವ ತನಕ ಓದುಗರು ಒಂದಿಷ್ಟು ಜಾಗ್ರತೆ ಮಾಡಬೇಕು. ದೊಡ್ಡ ಅಪ್‌ಡೇಟ್ ಬಂದ ದಿನವೇ ಹಾಕಬೇಡಿ, ಒಂದೆರಡು ವಾರ ತಡೆದು ನೋಡಿ, ನಿಮ್ಮದೇ ಮಾಡೆಲ್ ಇರುವವರನ್ನು ಕೇಳಿ. ತಿಂಗಳ ಸಣ್ಣ ಭದ್ರತಾ ಅಪ್‌ಡೇಟ್ ಅಷ್ಟು ತಡ ಮಾಡಬೇಡಿ. ಹಾಕುವ ಮೊದಲು ಫೋಟೊಗಳನ್ನು ಬೇರೆ ಕಡೆ ಇಳಿಸಿಕೊಳ್ಳಿ, ವಾಟ್ಸ್‌ಆ್ಯಪ್ ಬ್ಯಾಕಪ್ ಆಗಿದೆಯಾ ನೋಡಿ, ಫೋನಿನಲ್ಲಿ ಜಾಗ ತುಂಬಿ ತುಳುಕುತ್ತಿದ್ದರೆ ಮೊದಲು ಖಾಲಿ ಮಾಡಿ. ಮರುದಿನ ಬ್ಯಾಂಕಿನ ಕೆಲಸ, ಪರೀಕ್ಷೆಯ ಅರ್ಜಿ, ತೊಗರಿ ಮಾರಾಟದ ನೋಂದಣಿ ಏನಾದರೂ ಇದ್ದರೆ ಹಿಂದಿನ ರಾತ್ರಿ ಮುಟ್ಟಲೇಬೇಡಿ. ಹೋದ ಸಲ ಅಫಜಲಪುರ ಕಡೆಯ ಒಬ್ಬ ಕಾಕಾ ಹಾಗೇ ಬಂದಿದ್ದರು, ಸಿಮ್ ತೋರಿಸದೆ ಒಟಿಪಿ ಬರಲಾರದೆ. ಅವರ ಸಿಮ್ ತೆಗೆದು ನನ್ನ ಕೀಪ್ಯಾಡ್ ಫೋನಿಗೆ ಹಾಕಿ ಒಟಿಪಿ ತರಿಸಿಕೊಟ್ಟೆ. ಅವತ್ತಿನ ಕೆಲಸ ಆಯಿತು, ಫೋನ್ ಆಗಲಿಲ್ಲ. ಇದು ಎಲ್ಲರಿಗೂ ನೆನಪಿರಲಿ, ಅಪ್‌ಡೇಟ್ ಆಗಿ ನೆಟ್‌ವರ್ಕ್ ಹೋದರೆ ಮೊದಲು ಸಿಮ್ ಬೇರೆ ಫೋನಿಗೆ ಹಾಕಿ ನೋಡಿ. ಅಪ್‌ಡೇಟ್ ಆದ ಮೇಲೆ ಒಂದೆರಡು ದಿನ ಫೋನ್ ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುವುದು ಇರುತ್ತದೆ, ಒಳಗೆ ಆ್ಯಪ್‌ಗಳನ್ನು ಹೊಂದಿಸಿಕೊಳ್ಳುವ ಕೆಲಸ ನಡೆದಿರುತ್ತದೆ. ಮೂರನೇ ದಿನವೂ ಹಾಗೇ ಇದ್ದರೆ ಮಾತ್ರ ಅಂಗಡಿಗೆ ಬನ್ನಿ. ಮತ್ತೆ, ವಾಟ್ಸ್‌ಆ್ಯಪ್‌ನಲ್ಲಿ ಯಾರೇ "ಅಪ್‌ಡೇಟ್" ಅಂತ ಫೈಲ್ ಕಳಿಸಿದರೂ ಒತ್ತಬೇಡಿ, ನಿಜವಾದ ಅಪ್‌ಡೇಟ್ ಸೆಟ್ಟಿಂಗ್‌ನಲ್ಲೇ ಬರುತ್ತದೆ. ಒತ್ತಿ ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಪ್‌ಡೇಟ್‌ನಿಂದಲೇ ಕೆಟ್ಟಿದೆ ಅನಿಸಿದರೆ ಸುಮ್ನೆ ಕೂರಬೇಡಿ. ಅಪ್‌ಡೇಟ್ ಆದ ದಿನಾಂಕ, ವರ್ಶನ್ ನಂಬರ್ ಬರೆದಿಟ್ಟುಕೊಳ್ಳಿ, ಪರದೆಯ ಫೋಟೊ ಬೇರೆ ಫೋನಿನಲ್ಲಿ ತೆಗೆದುಕೊಳ್ಳಿ, ಸರ್ವಿಸ್ ಸೆಂಟರಿನವರು ಬಾಯಿಮಾತಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ದೂರು ಕೊಟ್ಟರೆ ನಂಬರ್ ಸಿಗುತ್ತದೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷ ರೂಪಾಯಿ ಒಳಗಿನ ವಸ್ತುವಿನ ದೂರಿಗೆ ಶುಲ್ಕವೇ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಅಕ್ಕನ ವಿಷಯದಲ್ಲಿ ನಾನು ಇದನ್ನೆಲ್ಲ ಮಾಡಲಿಲ್ಲ, ರಿಪೇರಿ ಮಾಡುವುದರಲ್ಲೇ ಮುಳುಗಿಹೋಗಿದ್ದೆ. ಈಗ ಬೇಸರ ಇದೆ.

ಹಾಗಾಗಿ ಒಂದು ತೀರ್ಮಾನ ಮಾಡಿದ್ದೇನೆ. ಕಲಬುರಗಿ ಜಿಲ್ಲೆಯಲ್ಲಿ ಯಾರದೇ ಫೋನ್ ಅಪ್‌ಡೇಟ್ ಆಗಿ ಕೆಟ್ಟಿದ್ದರೆ, ದೂರು ಬರೆಯಲು ಬರದಿದ್ದರೆ, ಭಾನುವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 1ರ ತನಕ ನಮ್ಮ ಅಂಗಡಿಗೆ ಬನ್ನಿ. ಕನ್ನಡದಲ್ಲೇ ಬರೆದುಕೊಡುತ್ತೇನೆ, 1915ಕ್ಕೆ ನಿಮ್ಮ ಎದುರಿಗೇ ಫೋನ್ ಹಚ್ಚಿ ಕೊಡುತ್ತೇನೆ. ದುಡ್ಡು ಬೇಡ. ಬರುವಾಗ ಫೋನಿನ ಬಿಲ್ಲು ಇದ್ದರೆ ತನ್ನಿ.

— ಒಬ್ಬ ಮೊಬೈಲ್ ರಿಪೇರಿಗಾರ, ಸೂಪರ್ ಮಾರ್ಕೆಟ್, ಕಲಬುರಗಿ